ಸಂಜೆ ಐದರವರೆಗಿನ ಮೊಣಕಾಲು

ಪಕ್ಕದ ಮನೆಯ ಮುದುಕರ ಮೊಣಕಾಲನ್ನು ನಾನು ಮೊದಲು ನೋಡಿದ್ದು ಬೇಲಿಯ ಈಚೆ ನಿಂತು. ವುಲ್ವರ್‌ಹ್ಯಾಂಪ್ಟನ್ನಿನ ಈ ಮನೆಗೆ ನಾವು ಬಂದು ಒಂದು ವಾರವೂ ಆಗಿರಲಿಲ್ಲ. ಜೂನ್ ತಿಂಗಳ ಬಿಸಿಲು. ಅವರು ಚಡ್ಡಿ ಹಾಕಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಬಲಗಾಲನ್ನು ಮುಂದಕ್ಕೆ ಚಾಚಿ ಕಳೆ ಕೀಳುತ್ತಿದ್ದರು. ಎಲುಬು ಕೀಲುಗಳನ್ನು ನೋಡುವುದೇ ನನ್ನ ಕಸುಬು, ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ಒಳಮಗ್ಗುಲಲ್ಲಿ ಉದ್ದನೆಯ ಹಳೆಯ ಹೊಲಿಗೆ ಗುರುತು. ತೊಡೆಯ ಸ್ನಾಯು ಕರಗಿ, ಆ ಕಾಲು ಬೇರೆ ಯಾರದೋ ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಇಂಥ ಕೀಲನ್ನು ವಯಸ್ಸೊಂದೇ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾವ ಕಾರ್ಖಾನೆಯಲ್ಲಿ ಆದದ್ದು ಎಂದು ಕೇಳಿದೆ.

"ಕಾರ್ಖಾನಿ ಅಲ್ಲ ತಂಗಿ, ಫುಟ್ಬಾಲು," ಅಂದರು.

ಅವರು ಆಡಿದ್ದು ಸ್ಕಾಟ್ಲೆಂಡಿನ ಇಂಗ್ಲಿಷು. ಎಪ್ಪತ್ತು ವರ್ಷ ಇಂಗ್ಲೆಂಡಿನಲ್ಲಿದ್ದರೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಧಾರವಾಡದವಳು, ಗಂಡ ಮೈಸೂರಿನವರು. ಬೆಂಗಳೂರಿನವರ ನಡುವೆ ಕೂತಾಗ ನನ್ನ ಮಾತು ಹೇಗೆ ಕೇಳಿಸುತ್ತದೋ, ಇಲ್ಲಿನವರ ನಡುವೆ ಅವರ ಮಾತು ಹಾಗೆ ಕೇಳಿಸುತ್ತಿತ್ತು. ಆದ್ದರಿಂದ ನಮ್ಮಿಬ್ಬರ ಮಾತನ್ನು ನನ್ನ ಊರಿನ ಕನ್ನಡದಲ್ಲೇ ಬರೆಯುತ್ತೇನೆ. ಅವರು ನನ್ನನ್ನು ನಿಜವಾಗಿ ಕರೆದದ್ದು 'ಹೆನ್' ಎಂದು. ಕೋಳಿ ಅನ್ನುತ್ತಾರಲ್ಲ ಎಂದು ಎರಡು ದಿನ ಸಿಟ್ಟಿನಲ್ಲಿದ್ದೆ. ಅದು ಅವರ ಕಡೆ ತಂಗಿ, ಯವ್ವ ಅಂದ ಹಾಗೆ ಎಂದು ಲೀಡ್ಸ್‌ನಿಂದ ಬಂದಿದ್ದ ಅವರ ಮಗಳು ಬಿಡಿಸಿ ಹೇಳಿದಳು.

ಅವರ ಊರು ಸ್ಕಾಟ್ಲೆಂಡಿನ ಪೂರ್ವ ಕರಾವಳಿ. ತಾಯಿ ಸೆಣಬಿನ ಗಿರಣಿಯಲ್ಲಿ ನೇಯುತ್ತಿದ್ದರು. ಆ ಸೆಣಬು ಬರುತ್ತಿದ್ದುದು ಬಂಗಾಳದಿಂದ, ಹಾಗಾಗಿ ನಿನ್ನ ದೇಶದ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು ಎಂದು ಒಮ್ಮೆ ಹೇಳಿದರು. ಬಂಗಾಳಕ್ಕೂ ಧಾರವಾಡಕ್ಕೂ ಇರುವ ದೂರವನ್ನು ನಾನು ಆಗ ಎತ್ತಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಒಬ್ಬ ಏಜೆಂಟು ಅವರ ಆಟ ನೋಡಿ, ತಾಯಿಯ ಕೈಯಲ್ಲಿ ರುಜು ಹಾಕಿಸಿಕೊಂಡು, ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಒಂದು ಗಿರಣಿ ಊರಿನ ತಂಡಕ್ಕೆ ಕರೆತಂದ. ಎಡ ಅಂಚಿನಲ್ಲಿ ಓಡುವ ಆಟಗಾರ. ಒಂಬತ್ತು ವರ್ಷ ಅದೇ ತಂಡ. ನಡುವೆ ಬರ್ಮಿಂಗ್‌ಹ್ಯಾಮ್ ಕಡೆಯ ದೊಡ್ಡ ತಂಡವೊಂದು ಅವರನ್ನು ಕೇಳಿತ್ತು. ಅದು ಅವರಿಗೆ ತಿಳಿದದ್ದು ಪತ್ರಿಕೆ ಓದಿ. ಅಷ್ಟರಲ್ಲಿ ಕ್ಲಬ್ಬು ಆಗುವುದಿಲ್ಲ ಎಂದು ಉತ್ತರ ಕೊಟ್ಟೂ ಆಗಿತ್ತು.

"ಕರಾರು ಮುಗಿದಿದ್ದಿಲ್ಲೇನು?" ಎಂದು ಕೇಳಿದೆ.

"ಮುಗಿದಿತ್ತು. ಮುಗಿದರೇನಾತು? ಅವರು ಬಿಡೂ ತನಕಾ ನಾ ಅವರವನ."

ಆ ಕಾಲದ ನಿಯಮವೇ ಹಾಗಂತೆ. ವರ್ಷದ ಕರಾರು ತೀರಿದರೂ ಆಟಗಾರನ ಹೆಸರು ಕ್ಲಬ್ಬಿನ ಪಟ್ಟಿಯಲ್ಲೇ ಇರುತ್ತಿತ್ತು. ಅವರು ಸಂಬಳ ನಿಲ್ಲಿಸಬಹುದು, ಆದರೆ ಅವನು ಇನ್ನೊಂದು ತಂಡಕ್ಕೆ ಹೋಗುವಂತಿಲ್ಲ. ನನ್ನ ಗಂಡ ಸಾಫ್ಟ್‌ವೇರಿನವರು, ನೋಟೀಸು ಕೊಟ್ಟು ನಾಲ್ಕು ಕಂಪನಿ ಬದಲಿಸಿದವರು. ಇದನ್ನು ಕೇಳಿ, "ಅದ್ಹೆಂಗೆ ಕಾನೂನು ಒಪ್ಕೊಂಡಿತ್ತು?" ಅಂತ ಮೂರು ಸಲ ಕೇಳಿದರು. ಎಲ್ಲರೂ ಒಪ್ಪಿಕೊಂಡಿದ್ದರು, ಅಷ್ಟೆ.

ಹೀಗೆ ಬೇಲಿಯ ಮೇಲಿಂದ ಎರಡು ವರ್ಷ ನಮ್ಮ ಸ್ನೇಹ ಬೆಳೆಯಿತು. ಹತ್ತಿರದ ಟಿವಿಡೇಲ್ ಊರಿನ ದೇವಸ್ಥಾನಕ್ಕೆ ಹೋದ ವಾರ ಪುಳಿಯೋಗರೆ ಪ್ರಸಾದದಲ್ಲಿ ಅವರಿಗೂ ಒಂದು ಪಾಲು ಇಡುತ್ತಿದ್ದೆ. ಮೊಣಕಾಲಿನ ಕಥೆಯನ್ನು ಮಾತ್ರ ಅವರು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದರು: ಒಂದು ಪಂದ್ಯದಲ್ಲಿ ಹೋಯಿತು, ಆಮೇಲೆ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದು ಬೀಗದ ಕಾರ್ಖಾನೆ ಸೇರಿದೆ.

ಮಿಕ್ಕದ್ದು ತಿಳಿದದ್ದು ನಾವು ಬಂದ ಮೂರನೆಯ ಚಳಿಗಾಲದಲ್ಲಿ. ಕ್ಲಬ್ಬಿನವರು ಹಳೆಯ ಆಟಗಾರರಿಗೆ ಒಂದು ಶನಿವಾರ ಪಂದ್ಯಕ್ಕೆ ಮುಂಚೆ ಊಟ ಇಟ್ಟುಕೊಂಡಿದ್ದರು. ಕರೆದೊಯ್ಯಬೇಕಿದ್ದ ಅವರ ಮಗಳಿಗೆ ಜ್ವರ. ಆ ವಾರ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ನನಗೆ ರಜೆ ಇತ್ತು, ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಅವರು ಕೋಟು ಹಾಕಿ, ಟೈ ಕಟ್ಟಿ, ಬೆಳಗ್ಗೆ ಎಂಟಕ್ಕೇ ಬಾಗಿಲಲ್ಲಿ ನಿಂತಿದ್ದರು.

ದೊಡ್ಡ ಸಭಾಂಗಣ, ದುಂಡು ಮೇಜುಗಳು. ಸಸ್ಯಾಹಾರಿ ಎಂದಿದ್ದಕ್ಕೆ ನನಗೆ ಒಂದೇ ಒಂದು ದಪ್ಪ ಅಣಬೆ ಕೊಟ್ಟರು. ಊಟದ ಕೊನೆಗೆ ನಿರೂಪಕ ಮೈಕ್ ಹಿಡಿದು ಎದ್ದ. ಗುಂಡು ಮುಖದ, ಲಯಬದ್ಧವಾಗಿ ಮಾತಾಡುವ ಮನುಷ್ಯ. ಒಬ್ಬೊಬ್ಬ ಮುದುಕರ ಬಗ್ಗೆ ಒಂದೊಂದು ಕಥೆ ಹೇಳುತ್ತ ನಮ್ಮ ಮೇಜಿಗೆ ಬಂದ.

ಅವನು ಹೇಳಿದ್ದು ಇಷ್ಟು. ಹೆಪ್ಪುಗಟ್ಟಿದ ಮೈದಾನ, ಕಪ್ ಪಂದ್ಯ. ಆರು ವಾರದಿಂದ ಈತನ ಮೊಣಕಾಲು ಕುಂಬಳಕಾಯಿಯಷ್ಟು ಊದಿದೆ. ಆದರೆ ನಮ್ಮ ಡಾಕ್ಟರರ ಹತ್ತಿರ ಒಂದು ಮಾಯದ ಸೂಜಿ ಇತ್ತು. ಪ್ರತಿ ಶನಿವಾರ ಒಂದು ಚುಚ್ಚು, ಈತ ಮೈದಾನಕ್ಕೆ. ಅವತ್ತು ಅರ್ಧ ಆಟದಲ್ಲಿ ಮೊಣಕಾಲು ಪೂರ್ತಿ ಕೈಕೊಟ್ಟಿತು. ಬದಲಿ ಆಟಗಾರರಿಲ್ಲದ ಕಾಲ. ಈತ ಹೊರಗೆ ಹೋದನೆ? ಇಲ್ಲ. ಒಂಟಿ ಕಾಲಿನಲ್ಲಿ ನಿಂತ. ಒಂಟಿ ಕಾಲಿನಲ್ಲೇ ಗೋಲು ಹೊಡೆದ. "ಈಗಿನವರಿಗೆ ಕೂದಲು ಕೆದರಿದರೂ ಸ್ಟ್ರೆಚರ್ ಬೇಕು," ಎಂದ.

ಇಡೀ ಸಭಾಂಗಣವೇ ನಕ್ಕಿತು. ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಮ್ಮ ಮುದುಕರು ಮೇಜಿಗೆ ಕೈಯೂರಿ ಅರ್ಧ ಎದ್ದು, ನಕ್ಕು, ಕೈ ಎತ್ತಿ ಕೂತರು.

ನಾನು ಏಳಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು. ಆರು ವಾರ, ಆರು ಚುಚ್ಚುಮದ್ದು, ಪ್ರತಿ ಸಲವೂ ನೋವು ಗೊತ್ತಾಗದ ಹಾಗೆ ಮಾಡಿ ಹರಿದ ಕೀಲಿನ ಮೇಲೆ ಓಡಿಸುವುದು. ನೋವು ಎನ್ನುವುದು ಕೀಲು ಹಾಕುವ ಕೂಗು. ಆ ಕೂಗಿನ ಬಾಯಿಗೆ ಬಟ್ಟೆ ತುರುಕಿದವನು ನನ್ನ ಕಸುಬಿನವನು, ನಾನು ಓದಿದ್ದನ್ನೇ ಓದಿದವನು. ಅವನು ಮಾಡಿದ್ದನ್ನು ಇಲ್ಲಿ ಊಟದ ಮೇಲಿನ ಸಿಹಿಯ ಹಾಗೆ ಬಡಿಸುತ್ತಿದ್ದಾರೆ. ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಮುಟ್ಟಿ, "ಎಂಥಾ ಧೈರ್ಯ ಅಲ್ವಾ?" ಅಂದಳು. ಧೈರ್ಯ ಅಲ್ಲ, ಅದು ವೈದ್ಯಕೀಯ ಅಪರಾಧ ಅಂದೆ. ಅವಳು ಕೈ ತೆಗೆದು ಕಾಫಿ ಕಪ್ಪಿನ ಕಡೆ ತಿರುಗಿದಳು.

ಹೊರಗೆ ಬರುವಾಗ ಸ್ಟೇಡಿಯಂ ಕಾರಿಡಾರಿನ ಗೋಡೆಯ ಮೇಲೆ ದೊಡ್ಡ ಕಪ್ಪು ಬಿಳುಪು ಚಿತ್ರವಿತ್ತು. ಇಪ್ಪತ್ತಾರರ ಅವರನ್ನು ಇಬ್ಬರು ಆಟಗಾರರು ಕಂಕುಳಲ್ಲಿ ಕೈ ಕೊಟ್ಟು ಎತ್ತಿ ಹಿಡಿದಿದ್ದಾರೆ. ಬಾಯಿ ತೆರೆದಿದೆ, ಹಲ್ಲು ಕಾಣುತ್ತದೆ. ಕೆಳಗೆ ಬರೆದಿತ್ತು: 'ಒಂಟಿ ಕಾಲಿನ ವೀರನ ವಿಜಯದ ನಗೆ.' ದಿನಕ್ಕೆ ನಾಲ್ಕಾರು ಮೊಣಕಾಲು ತಿರುಚಿ ನೋಡುವವಳು ನಾನು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅದು ನಗುವ ಮುಖ ಅಲ್ಲ.

ಕಾರಿನಲ್ಲಿ ಸ್ವಲ್ಪ ದೂರ ಬಂದಮೇಲೆ ಕೇಳಿಯೇಬಿಟ್ಟೆ. "ನೀವ್ಯಾಕ ನಕ್ರಿ?"

"ಮತ್ತೇನ್ ಮಾಡ್ಲಿ? ಇನ್ನೂರು ಮಂದಿ ಚಪ್ಪಾಳಿ ಹೊಡೀತಾರ, ನಾ ಅಳ್ಕೋತ ಕೂಡ್ಲೇನು?"

ಆಮೇಲೆ ಅವರೇ ಹೇಳತೊಡಗಿದರು. ಆ ಪಂದ್ಯದ ಬೆಳಗ್ಗೆ ಮ್ಯಾನೇಜರನ ಕೋಣೆಗೆ ಹೋಗಿ ಇವತ್ತು ಆಗುವುದಿಲ್ಲ ಎಂದಿದ್ದರಂತೆ. ಆಗುತ್ತದೋ ಇಲ್ಲವೋ ಹೇಳುವವನು ಡಾಕ್ಟರು, ನೀನಲ್ಲ ಎಂದು ಅವನು ಕಳಿಸಿದ. ಡಾಕ್ಟರು ವಾರವೆಲ್ಲ ಆ ಊರಿನ ಜನರನ್ನು ನೋಡುವ ಸಾಮಾನ್ಯ ವೈದ್ಯ, ಶನಿವಾರ ಮಾತ್ರ ಕ್ಲಬ್ಬಿಗೆ. ಬೂಟು ಬಿಚ್ಚದೆ ಬೆಂಚಿನ ಮೇಲೆ ಮಲಗಿಸಿ ಸೂಜಿ ಹಾಕುತ್ತಿದ್ದ.

"ನಾ ಅವಂಗ ಹೇಳಿದೆ, ಮಲಗಿದಾಗೂ ಬ್ಯಾನಿ ಆಗ್ತದ, ಒಳಗ ಏನೋ ಹರದಂಗ ಅನಸ್ತದ ಅಂತ. ಅಂವ ಅಂದ, ಚಿಂತಿ ಮಾಡಬ್ಯಾಡ, ಸಂಜಿ ಐದರ ತನಕಾ ಏನೂ ಆಗೂದಿಲ್ಲ."

"ಐದರ ಮ್ಯಾಲೆ?"

"ಐದರ ಮ್ಯಾಲೆ ಆಟ ಮುಗಿದಿರ್ತಿತ್ತಲ್ಲ ತಂಗಿ."

ನಾನು ಮುಂದಿನ ಸರ್ವೀಸಸ್ಸಿನಲ್ಲಿ, ಹೆದ್ದಾರಿ ಪಕ್ಕದ ತಂಗುದಾಣದಲ್ಲಿ, ಕಾರು ನಿಲ್ಲಿಸಬೇಕಾಯಿತು. ಎರಡು ಚಹಾ ತಂದೆ. ಗೋಲಿನ ಕಥೆಯೂ ಸುಳ್ಳಂತೆ. ಕಾಲೂರಲು ಆಗದೆ ಗೋಲ್ ಕಂಬಕ್ಕೆ ಆತುಕೊಂಡು ನಿಂತಿದ್ದಾಗ ಚೆಂಡು ಬಂದು ತಲೆಗೆ ಬಡಿದು ಒಳಗೆ ಹೋಯಿತು. ಆಮೇಲೆ ಆಸ್ಪತ್ರೆಯಲ್ಲಿ ಮೊಣಕಾಲು ಕೊಯ್ದು ಒಳಗಿನ ಮೆತ್ತೆಯನ್ನು ಪೂರ್ತಿ ತೆಗೆದರು. ಮೇ ತಿಂಗಳಲ್ಲಿ ಕ್ಲಬ್ಬಿನಿಂದ ಎರಡು ಸಾಲಿನ ಪತ್ರ ಬಂತು: ಇನ್ನು ನೀವು ನಮ್ಮ ಪಟ್ಟಿಯಲ್ಲಿಲ್ಲ. ಓಡುವಾಗ ಬಿಡಲಿಲ್ಲ, ನಡೆಯಲೂ ಆಗದಾಗ ಬಿಟ್ಟರು.

ಸರ್ವೀಸಸ್ಸಿನ ಚಹಾ ಕುಡಿಯುತ್ತ ನಾನು ಆ ಡಾಕ್ಟರನನ್ನು ಬಾಯಿಗೆ ಬಂದಂತೆ ಬೈದೆ. ಅವರು ಎಲ್ಲ ಕೇಳಿ, "ನೀ ಎಂದೂ ಹಂಗ ಮಾಡಿಲ್ಲೇನು?" ಅಂದರು.

ಮಾಡಿದ್ದೆ. ಹುಬ್ಬಳ್ಳಿಯಲ್ಲಿ ಕಲಿಯುತ್ತಿದ್ದಾಗ, ಕಾಲೇಜು ತಂಡದ ಕೋಚ್ ಒಬ್ಬ ಉದ್ದ ಜಿಗಿತದ ಹುಡುಗಿಯನ್ನು ಕರೆದುಕೊಂಡು ಬಂದಿದ್ದ. ಪಾದದ ಕೀಲು ಊದಿತ್ತು, ಮರುದಿನ ಫೈನಲ್. ಹಿರಿಯ ಡಾಕ್ಟರು ಊಟಕ್ಕೆ ಹೋಗಿದ್ದರು. ಕೋಚ್ ಅವಸರ ಮಾಡಿದ, ನಾನು ಸೂಜಿ ಹಾಕಿದೆ. ಮಾತಾಡಿದ್ದೆಲ್ಲ ಕೋಚ್ ಜೊತೆ. ಆ ಹುಡುಗಿಯನ್ನು ಒಂದು ಮಾತು ಕೇಳಿದ ನೆನಪಿಲ್ಲ. ಅವಳ ಕಾಲು ಏನಾಯಿತೋ ಗೊತ್ತಿಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ತಲೆಯಾಡಿಸಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಬೈಯಲಿಲ್ಲ, ಇರಲಿ ಬಿಡು ಎಂದೂ ಅನ್ನಲಿಲ್ಲ.

ಮನೆಗೆ ಬಂದವಳು ಮರುದಿನವೇ ಕ್ಲಬ್ಬಿಗೆ ಪತ್ರ ಬರೆದೆ. ಎರಡು ಪುಟ. ನಾನು ಯಾರು, ನನ್ನ ಕಸುಬೇನು, ಆ ಸೂಜಿ ಮೊಣಕಾಲಿಗೆ ಏನು ಮಾಡುತ್ತದೆ, ಗೋಡೆಯ ಮೇಲಿನ ಬರಹ ಏಕೆ ಸುಳ್ಳು, ಅದನ್ನು ಹೇಗೆ ತಿದ್ದಬೇಕು. ಗಂಡ ಓದಿ, "ಸ್ವಲ್ಪ ಖಾರ ಜಾಸ್ತಿ ಆಯ್ತು ಕಣೆ," ಅಂದರು. ಖಾರ ಕಡಿಮೆ ಮಾಡಲಿಲ್ಲ.

ಹತ್ತು ದಿನಕ್ಕೆ ಕ್ಲಬ್ಬಿನ ಇತಿಹಾಸದ ವಿಭಾಗ ನೋಡಿಕೊಳ್ಳುವ ಹೆಂಗಸಿನಿಂದ ಇಮೇಲ್ ಬಂತು. ನಿಮ್ಮ ಅನಿಸಿಕೆಗೆ ಧನ್ಯವಾದ, ನಮ್ಮ ಹಿರಿಯ ಆಟಗಾರರ ಕ್ಷೇಮ ನಮಗೆ ಬಹಳ ಮುಖ್ಯ, ವಿಷಯವನ್ನು ಪರಿಶೀಲಿಸುತ್ತೇವೆ. ನನಗೆ ಗೆದ್ದ ಹಾಗೆ ಅನಿಸಿತು.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಮುದುಕರು ಕೋಲೂರಿಕೊಂಡು ನಿಂತಿದ್ದರು. ಒಳಗೆ ಬನ್ನಿ ಅಂದರೆ ಬರಲಿಲ್ಲ.

"ನೀ ಅವರಿಗೆ ಪತ್ರಾ ಬರದಿದ್ದೇನು?"

"ಹೌದು."

"ಚಿತ್ರಾ ತಗದಾರ. ಜೊತಿಗೆ ಆಡಿದವನ ಹೆಂಡತಿ ಫೋನ್ ಮಾಡಿದ್ಲು. ಗ್ವಾಡಿ ಖಾಲಿ ಅದ ಅಂತ."

ಬರಹ ತಿದ್ದಿ ಎಂದರೆ ಚಿತ್ರವನ್ನೇ ಕಿತ್ತಿದ್ದರು. ನನಗೆ ಕ್ಲಬ್ಬಿನ ಮೇಲೆ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅವರು ಕೋಲು ನೆಲಕ್ಕೆ ಕುಟ್ಟಿದರು.

"ಅವರ ಮ್ಯಾಲೆ ಆಮ್ಯಾಲೆ ಸಿಟ್ಟಾಗು. ಬರಿಯೂಕಿಂತ ಮದ್ಲ ನನ್ನ ಕೇಳಿದಿ ಏನು?"

ಕೇಳಿರಲಿಲ್ಲ.

"ಮ್ಯಾನೇಜರ್ ಕೇಳಲಿಲ್ಲ, ಡಾಕ್ಟರ್ ಕೇಳಲಿಲ್ಲ. ನೀನೂ ಕೇಳಲಿಲ್ಲ. ನನ್ನ ಕಾಲ ಅದು. ಕಾರಿನಾಗ ಹೇಳಿದ್ದು ನಿನಗ ಹೇಳಿದ್ದು." ಕೋಲನ್ನು ಇನ್ನೊಂದು ಕೈಗೆ ಬದಲಿಸಿ, "ನಂದು ಅಂತ ಇದ್ದದ್ದು ಅದೊಂದ ಚಿತ್ರ," ಅಂದು ತಿರುಗಿ ಹೋದರು. ಎರಡು ಮನೆಗಳ ನಡುವಿನ ಇಪ್ಪತ್ತು ಹೆಜ್ಜೆಗೆ ಅವರಿಗೆ ಬಹಳ ಹೊತ್ತು ಹಿಡಿಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ರೋಗಿಯ ಒಪ್ಪಿಗೆ ಕೇಳದೆ ಸೂಜಿ ಮುಟ್ಟಬೇಡಿ ಎಂದು ಕಿರಿಯ ಡಾಕ್ಟರರಿಗೆ ಪ್ರತಿ ವರ್ಷ ಪಾಠ ಮಾಡುವವಳು ನಾನು. ಅವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಯಾರ ಕಡೆಗೂ ತಿರುಗಿಸಲು ಆಗಲಿಲ್ಲ.

ಮೂರು ವಾರ ಮಾತಿಲ್ಲ. ಪ್ರಸಾದದ ಡಬ್ಬಿ ಬಾಗಿಲ ಬಳಿ ಇಟ್ಟು ಬಂದರೆ ಮರುದಿನ ತೊಳೆದ ಡಬ್ಬಿ ನಮ್ಮ ಬಾಗಿಲಲ್ಲಿ ಇರುತ್ತಿತ್ತು, ಅಷ್ಟೆ. ಆಮೇಲೆ ಒಂದು ಭಾನುವಾರ ನಾನೇ ಹೋಗಿ ತಪ್ಪಾಯಿತು ಅಂದೆ. ಅವರು ಕುರ್ಚಿ ತೋರಿಸಿದರು. "ಚಿತ್ರಾ ವಾಪಸ್ ತರಿಸಿ ಕೊಡು. ಕೆಳಗ ಏನ್ ಬರೀಬೇಕು ನಾ ಹೇಳ್ತೀನಿ. ನೀ ಬರಕೋ, ನಿಂದು ಒಂದ ಮಾತೂ ಸೇರಸಬ್ಯಾಡ."

ಅವರು ಹೇಳಿದ್ದು ಐದೇ ವಾಕ್ಯ. ಆರು ವಾರ ನನ್ನ ಮೊಣಕಾಲಿಗೆ ಸೂಜಿ ಹಾಕಿ ಆಡಿಸಿದರು. ಆಗುವುದಿಲ್ಲ ಎಂದು ನಾನು ಹೇಳಿದೆ, ಯಾರೂ ಕೇಳಲಿಲ್ಲ. ಗೋಲು ತಾನಾಗಿ ಆಯಿತು. ಈ ಚಿತ್ರದಲ್ಲಿ ನಾನು ನಗುತ್ತಿಲ್ಲ. ಇದೇ ನನ್ನ ಕೊನೆಯ ಪಂದ್ಯ.

ನಾನು ಅದನ್ನು ಅವರ ರುಜುವಿನೊಂದಿಗೆ ಕಳಿಸಿದೆ. ಉತ್ತರವಿಲ್ಲ. ಫೋನ್ ಮಾಡಿದೆ, ಮತ್ತೆ ಮಾಡಿದೆ, ಕೊನೆಗೆ ರಜೆ ಹಾಕಿ ಅವರನ್ನೂ ಅವರ ಮಗಳನ್ನೂ ಕರೆದುಕೊಂಡು ನೇರ ಆ ಹೆಂಗಸಿನ ಆಫೀಸಿಗೇ ಹೋದೆ. ಅವಳು ಒಳ್ಳೆಯವಳೇ, ಬಿಸ್ಕತ್ತು ಕೊಟ್ಟಳು. ಇಲ್ಲಿಗೆ ಕುಟುಂಬಗಳು ಬರುತ್ತವೆ, ಓದಿ ಬೇಸರವಾಗಬಾರದು, ವಕೀಲರನ್ನೂ ಕೇಳಬೇಕು ಅಂದಳು. ಸತ್ತುಹೋದ ಡಾಕ್ಟರನ ಹೆಸರು ನಾವು ಎಲ್ಲೂ ಹಾಕಿಲ್ಲವಲ್ಲ ಅಂದೆ. ಆದರೂ ಸೂಜಿ ಎನ್ನುವ ಶಬ್ದ ಕಷ್ಟ ಅಂದಳು. ಮೈಕ್ ಹಿಡಿದು ಇನ್ನೂರು ಜನರ ಮುಂದೆ ಅದೇ ಸೂಜಿಯನ್ನು ಹೊಗಳುವಾಗ ಕಷ್ಟ ಆಗಿರಲಿಲ್ಲವೇ ಎಂದು ಕೇಳಿದೆ. ಮಗಳು ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಅವಳ ಕೈಯೂ ಬಿಸಿಯಾಗಿತ್ತು.

ಆಗಸ್ಟ್‌ನಲ್ಲಿ ಚಿತ್ರ ವಾಪಸು ಬಂತು. ಮೊದಲಿನ ಜಾಗದಲ್ಲಲ್ಲ, ಶೌಚಾಲಯಕ್ಕೆ ಹೋಗುವ ತಿರುವಿನಲ್ಲಿ. ಕೆಳಗೆ ಅವರ ಹೆಸರು, ಆಡಿದ ವರ್ಷಗಳು. ಐದು ವಾಕ್ಯಗಳಲ್ಲಿ ನಾಲ್ಕನ್ನು ಕತ್ತರಿಸಿದ್ದರು. ಯಾರಿಗೂ ನೋವು ಮಾಡದ್ದು ಎಂದು ತೋರಿದ ಒಂದನ್ನು ಉಳಿಸಿದ್ದರು: 'ಈ ಚಿತ್ರದಲ್ಲಿ ನಾನು ನಗುತ್ತಿಲ್ಲ.'

ನೋಡಲು ಅವರನ್ನು ಕರೆದುಕೊಂಡು ಹೋದೆ. ನಾವು ಅಲ್ಲಿ ನಿಂತಿದ್ದಾಗ ಸ್ಟೇಡಿಯಂ ನೋಡಲು ಬಂದ ಗಂಡ ಹೆಂಡತಿ ಅದನ್ನು ಓದಿ ನಕ್ಕರು. ತಮಾಷೆಗೆ ಬರೆದದ್ದು ಎಂದುಕೊಂಡರು. ನನ್ನ ರಕ್ತ ಕುದಿಯಿತು. ಆದರೆ ಈ ಸಲ ನಾನು ಮುದುಕರ ಮುಖ ನೋಡಿದೆ, ಅವರು ಬೇಡ ಎಂಬಂತೆ ಕೈ ಅಲ್ಲಾಡಿಸಿದರು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಆತು ನಿಂತು, ಆ ದಂಪತಿಗಳಿಗೆ, "ಅಂವ ಯಾಕ ನಗವಲ್ಲ ಗೊತ್ತದ ಏನು? ಅಂವ ನಾನ," ಅಂದರು.

ಮೊದಲಿನಿಂದ ಹೇಳಿದರು. ನನಗೆ ಹೇಳದೇ ಇದ್ದದ್ದನ್ನೂ ಹೇಳಿದರು. ಸೂಜಿಯ ನಂತರ ಬರುವ ಜೋಮು, ಕಾಲು ಇದೆಯೋ ಇಲ್ಲವೋ ತಿಳಿಯದೆ ಮೆಟ್ಟಿಲು ಇಳಿಯುವುದು, ಆಸ್ಪತ್ರೆಗೆ ಕ್ಲಬ್ಬಿನವರು ಒಬ್ಬರೂ ಬರದದ್ದು. ಆ ಗಂಡಸು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಶೌಚಾಲಯಕ್ಕೆ ಹೊರಟವರು ನಾಲ್ಕು ಜನ ನಿಂತರು, ಆಮೇಲೆ ಇನ್ನೂ ಕೆಲವರು. ಇತಿಹಾಸದ ವಿಭಾಗದ ಹೆಂಗಸು ಬಂದು, ಹಿಂದಿನ ಗುಂಪಿಗೆ ದಾರಿ ಬೇಕಾಗಿದೆ, ಸ್ವಲ್ಪ ಮುಂದೆ ಹೋಗುತ್ತೀರಾ ಎಂದು ಮೆಲ್ಲಗೆ ಕೇಳಿದಳು.

"ನಂದಿನ್ನೂ ಮುಗಿದಿಲ್ಲ ಯವ್ವಾ," ಅಂದರು ಅವರು, ಅವಳ ಕಡೆ ನೋಡದೆಯೇ.

ಅವಳು ಹೋಗಲಿಲ್ಲ. ಅವಳೂ ನಿಂತು ಕೇಳಿದಳು. ನಾನು ಅವರ ಕೋಲು ಹಿಡಿದುಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತೆ.